ಒಂಟಿ ನಟ್ಟಿನ ಗಾಲಿ: ‘ಕಡೆಗೀಲು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನಲ್ಲಿರುವ ನಮ್ಮ ಭಾವ ತಮ್ಮ 1965ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಹೊಸ ವೈರ್ ವೀಲ್ (ತಂತಿ ಕಡ್ಡಿಗಳ ಗಾಲಿ) ಹಾಕುವುದನ್ನು ವಿಡಿಯೊ ಮಾಡಿದ್ದಾರೆ. ಅದಕ್ಕೆ ಕನ್ನಡ ವಿವರಣೆ ಬರೆಯುವ ಕೆಲಸ ನನಗೆ ಬಂದಿದೆ. ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ಈ ಗಾಲಿಗೆ ನಾಲ್ಕೈದು ನಟ್ಟು ಇರುವುದಿಲ್ಲ. ಗಾಲಿ ಕೂರುವ ಅಚ್ಚಿನ ತುದಿಯ ಭಾಗ, ಅಂದರೆ ಹಬ್ಬಿನ (hub) ಮೈಸುತ್ತ ಸಣ್ಣ ಹಲ್ಲುಗಳು, ಗಾಲಿಯ ಗುಂಬದೊಳಗೂ ಅಂಥವೇ. ಎರಡೂ ಕಚ್ಚಿಕೊಂಡು ಕೂತ ಮೇಲೆ ನಡುವೆ ಒಂದೇ ದೊಡ್ಡ ನಟ್ಟು. ಅದರ ಎರಡು ಕಿವಿಗೆ ತಾಮ್ರದ ಸುತ್ತಿಗೆಯಿಂದ ಹೊಡೆದು ಬಿಗಿ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಇದು ಸ್ಪಿನ್ನರ್.

ಮೊದಲು ‘ಕಿವಿನಟ್ಟು’ ಎಂದು ಬರೆದೆ. ಆದರೆ 1968ರಿಂದ ಅಮೆರಿಕ ಹೀಗೆ ಚಾಚಿಕೊಂಡ ಕಿವಿಗಳನ್ನು ನಿಷೇಧಿಸಿತು, ಅಲ್ಲಿಗೆ ಹೋದ ಎಂಜಿಬಿಗಳಿಗೆ ಎಂಟು ಮೂಲೆಯ ನಟ್ಟು ಬಂತು. ಕಿವಿಯಿಲ್ಲದ್ದನ್ನು ಕಿವಿನಟ್ಟು ಅನ್ನಲು ಮನಸ್ಸು ಬರಲಿಲ್ಲ. ಆಗ ನೆನಪಾದದ್ದು ಎತ್ತಿನಗಾಡಿಯ ಕಡೆಗೀಲು, ನಮ್ಮ ಕಡೆಯ ಮಾತಿನಲ್ಲಿ ಕಡಾಣಿ. ಜೇಡರ ದಾಸಿಮಯ್ಯ ಬಂಡಿಗೆ ಆಧಾರ ಎಂದದ್ದು ಇದನ್ನೇ. ಅಚ್ಚಿನ ತುದಿಯಲ್ಲಿದ್ದು ಗಾಲಿ ಕಳಚದಂತೆ ಕಾಯುವ ಕೆಲಸ ಎರಡಕ್ಕೂ ಒಂದೇ. ಆದರೆ ಕಡಾಣಿಯನ್ನು ತೂರಿಸುತ್ತೇವೆ, ಇದನ್ನು ತಿರುಗಿಸುತ್ತೇವೆ. ‘ತಿರುಪುಗೀಲು’ ಆದೀತೇ? ನನಗೇನೋ ಹಿಡಿಸಿದೆ.

ಇನ್ನೊಂದು ತೊಡಕು ದಿಕ್ಕಿನದು. ಕಾರಿನ ಎಡಗಡೆಯ ನಟ್ಟು ಮಾಮೂಲಿನಂತೆ ಬಲಕ್ಕೆ ತಿರುಗಿಸಿದರೆ ಬಿಗಿ, ಬಲಗಡೆಯದು ಉಲ್ಟಾ ಥ್ರೆಡ್. ಕಾರು ಮುಂದಕ್ಕೆ ಓಡುವಾಗ ನಟ್ಟು ತಾನಾಗಿ ಬಿಗಿಯಾಗಲಿ ಎಂದೇ ಹೀಗೆ. ಹಬ್ಬುಗಳನ್ನು ಅದಲುಬದಲು ಹಾಕಿದರೆ ಓಡುತ್ತಲೇ ಸಡಿಲವಾಗುತ್ತದೆ. ‘ಎಡತಿರುಪು’ ಎಂದು ಬರೆದರೆ ಓದುವವರು ಕಾರಿನ ಎಡಗಡೆ ಎಂದುಕೊಂಡಾರು, ಇರುವುದು ಬಲಗಡೆ! ಪ್ರಾಣದ ವಿಷಯವಾದ್ದರಿಂದ ಆ ಪದ ಬಿಟ್ಟು, “ಮೇಲಿನ ಕಿವಿಯನ್ನು ಕಾರಿನ ಹಿಂಭಾಗದ ಕಡೆಗೆ ಹೊಡೆದರೆ ಬಿಗಿ, ಮುಂಭಾಗದ ಕಡೆಗೆ ಹೊಡೆದರೆ ಸಡಿಲ” ಎಂದು ಬರೆದಿದ್ದೇನೆ. ಎರಡೂ ಬದಿಗೆ ಇದು ಸಲ್ಲುತ್ತದೆ.

ಕೊನೆಯದಾಗಿ ಸವೆತದ ಮಾತು. ವಿಡಿಯೊದಲ್ಲಿ ಭಾವ ಹಳೇ ಹಬ್ಬನ್ನು ಕ್ಯಾಮೆರಾದ ಹತ್ತಿರ ಹಿಡಿಯುತ್ತಾರೆ. ನೆತ್ತಿ ಚಪ್ಪಟೆಯಾಗಿರಬೇಕಾದ ಹಲ್ಲುಗಳು ಗರಗಸದಂತೆ ಚೂಪಾಗಿವೆ. “ಇದರ ಮೇಲೆ ಕೂರಿಸಿದ್ರೆ ಹೊಸ ಗಾಲಿನೂ ತಿಂದುಹಾಕುತ್ತೆ” ಅಂತ ಹಬ್ಬನ್ನೇ ಬದಲಿಸಿ, ಹಲ್ಲಿಗೆ ಗ್ರೀಸು ಸವರಿ ಗಾಲಿ ಕೂರಿಸಿದರು. ‘ಸವೆದಿದೆ’ ಎಂದರೆ ನುಣುಪಾಗಿದೆ ಅನ್ನಿಸುತ್ತದೆ. ಸವೆದು ಚೂಪಾಗುವುದಕ್ಕೆ ನಿಮ್ಮೂರಿನ ಗ್ಯಾರೇಜಿನವರು, ಗಾಡಿ ಮಾಡುವ ಬಡಗಿಗಳು ಏನನ್ನುತ್ತಾರೆ? ಕೇಳಿ ತಿಳಿಸುವಿರಾ?