ತಾಳಮದ್ದಳೆಯ ವಿಡಿಯೊದಲ್ಲಿ ಚಿತ್ರಕ್ಕೂ ಧ್ವನಿಗೂ ಹೊಂದಿಕೆ ತಪ್ಪುವುದೇಕೆ?

ಪ್ರಶ್ನೆ: ನಮಸ್ಕಾರ ಸರ್. ಎರಡು ಗಂಟೆಯ ತಾಳಮದ್ದಳೆಯೊಂದನ್ನು ಫೋನಿನಲ್ಲಿ ಚಿತ್ರೀಕರಿಸಿ, ಧ್ವನಿಯನ್ನು ಭಾಗವತರ ಬಳಿ ಇಟ್ಟಿದ್ದ ಬೇರೊಂದು ರೆಕಾರ್ಡರಿನಲ್ಲಿ ಮುದ್ರಿಸಿಕೊಂಡಿದ್ದೇನೆ. ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಸಂಕಲನ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಎರಡನ್ನೂ ಜೋಡಿಸಿದಾಗ ಆರಂಭದಲ್ಲಿ ಸರಿಯಾಗಿದ್ದದ್ದು, ಕೊನೆಗೆ ಬರುವಷ್ಟರಲ್ಲಿ ಚೆಂಡೆಯ ಪೆಟ್ಟು ಮೊದಲು ಕೇಳಿಸಿ, ಕೋಲು ಆಮೇಲೆ ಇಳಿಯುವಂತಾಗುತ್ತದೆ. ಸರಿಪಡಿಸುವುದು ಹೇಗೆಂದು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ. ಇದಕ್ಕೆ ಎರಡು ಬೇರೆ ಬೇರೆ ಕಾರಣಗಳಿರಬಹುದಾದ್ದರಿಂದ, ಯಾವುದೆಂದು ಮೊದಲು ಪತ್ತೆಮಾಡಿಕೊಳ್ಳಿ. ರೆಕಾರ್ಡರಿನ ಧ್ವನಿಯನ್ನು ಮ್ಯೂಟ್ ಮಾಡಿ, ಫೋನಿನದೇ ಧ್ವನಿಯೊಂದಿಗೆ ಟೈಮ್‌ಲೈನಿನ (ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯ) ಕೊನೆಯ ಭಾಗವನ್ನು ನೋಡಿ. ಆಗಲೂ ಹೊಂದಿಕೆ ತಪ್ಪಿದ್ದರೆ ಫೋನು ಒಂದೇ ಸಮನಾಗಿರದ ಫ್ರೇಮ್ ದರದಲ್ಲಿ (ಸೆಕೆಂಡಿಗೆ ಸೆರೆಹಿಡಿಯುವ ಬಿಡಿಚಿತ್ರಗಳ ಸಂಖ್ಯೆಯಲ್ಲಿ) ಚಿತ್ರೀಕರಿಸಿರುವ ಸಾಧ್ಯತೆಯೇ ಹೆಚ್ಚು. ಬೆಳಕು ಕಡಿಮೆಯಾದಾಗ, ಇಲ್ಲವೇ ಫೋನು ಬಿಸಿಯಾದಾಗ ಸೆಕೆಂಡಿಗೆ 30 ಇರಬೇಕಾದ ಫ್ರೇಮುಗಳು ಒಮ್ಮೊಮ್ಮೆ ಕಡಿಮೆಯಾಗುತ್ತವೆ. ಸಂಕಲನದ ತಂತ್ರಾಂಶವಾದರೋ ಸ್ಥಿರ ದರವನ್ನು ನಿರೀಕ್ಷಿಸುತ್ತದೆ. ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೊ ತಂತ್ರಾಂಶದಲ್ಲಿ ಅದನ್ನು ತೆರೆದಾಗ ಫ್ರೇಮ್ ರೇಟ್ ಮೋಡ್ ಎಂಬಲ್ಲಿ ವೇರಿಯಬಲ್ (ಬದಲಾಗುವ) ಎಂದಿದ್ದರೆ ಸಂಶಯವೇ ಬೇಡ. ವಿಡಿಯೊ ಫೈಲುಗಳನ್ನು ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಫ್ರೇಮ್ ದರ 30, ಕಾನ್‌ಸ್ಟಂಟ್ (ಸ್ಥಿರ) ಎಂದು ಆರಿಸಿ, ಗುಣಮಟ್ಟದ ಅಂಕಿಯನ್ನು 18ರ ಆಸುಪಾಸಿನಲ್ಲಿಟ್ಟು ಹೊಸ ಫೈಲು ಮಾಡಿಕೊಳ್ಳಿ. ಹೊಸ ಪ್ರಾಜೆಕ್ಟಿನಲ್ಲಿ ಟೈಮ್‌ಲೈನ್ ಫ್ರೇಮ್ ದರವನ್ನು 30ಕ್ಕೆ ಇಟ್ಟ ನಂತರವೇ ಅದನ್ನು ಒಳಗೆ ತನ್ನಿ, ಏಕೆಂದರೆ ಕೆಲಸ ಆರಂಭವಾದ ಮೇಲೆ ರಿಸಾಲ್ವ್ ಆ ದರವನ್ನು ಬದಲಿಸಲು ಬಿಡುವುದಿಲ್ಲ.

ಫೋನಿನ ಧ್ವನಿ ಸರಿಯಾಗಿದ್ದು ರೆಕಾರ್ಡರಿನದು ಮಾತ್ರ ಜಾರುತ್ತಿದ್ದರೆ, ಎರಡೂ ಉಪಕರಣಗಳ ಒಳಗಿನ ಗಡಿಯಾರಗಳು ಒಂದೇ ವೇಗದಲ್ಲಿ ಓಡುತ್ತಿಲ್ಲವೆಂದು ಅರ್ಥ. ಹತ್ತು ಲಕ್ಷದಲ್ಲಿ 50 ಭಾಗದಷ್ಟು ವ್ಯತ್ಯಾಸವಿದ್ದರೂ ಎರಡು ಗಂಟೆಯಲ್ಲಿ ಅದು 0.36 ಸೆಕೆಂಡ್, ಅಂದರೆ ಸುಮಾರು 11 ಫ್ರೇಮುಗಳಷ್ಟಾಗುತ್ತದೆ.

ಇಲ್ಲಿ ಅನೇಕರು ಧ್ವನಿಯನ್ನು ಕತ್ತರಿಸಿ ಚಿತ್ರಕ್ಕೆ ಹೊಂದಿಸುತ್ತಾರೆ. ತಾಳಮದ್ದಳೆಯ ಮಟ್ಟಿಗೆ ಇದು ಸರಿಯಲ್ಲವೆಂದು ನಾನು ಖಚಿತವಾಗಿ ಹೇಳುತ್ತೇನೆ. ವೇಷವಿಲ್ಲದ, ಕುಣಿತವಿಲ್ಲದ ಈ ಕಲೆಯಲ್ಲಿ ಭಾಗವತರ ಪದ್ಯ ಮತ್ತು ಅರ್ಥಧಾರಿಗಳ ಮಾತಾದ ಅರ್ಥವೇ ಸರ್ವಸ್ವ. ಮದ್ದಳೆಯ ಒಂದು ಪೆಟ್ಟು ಎಡವಿದರೆ ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ, ಆದರೆ ಕುಳಿತ ಅರ್ಥಧಾರಿಯ ಚಿತ್ರದಲ್ಲಿ ಒಂದು ಫ್ರೇಮ್ ಹೆಚ್ಚುಕಡಿಮೆಯಾದರೆ ಕಣ್ಣಿಗೆ ಬೀಳುವುದು ಬಹಳ ಅಪರೂಪ. ಆದ್ದರಿಂದ ಧ್ವನಿಯನ್ನು ಅಖಂಡವಾಗಿಟ್ಟು ಚಿತ್ರವನ್ನೇ ಸರಿಸಿ.

ಎರಡೂ ಕ್ಲಿಪ್ಪುಗಳನ್ನು ಟೈಮ್‌ಲೈನಿನಲ್ಲಿಟ್ಟು, ಒಟ್ಟಿಗೆ ಆರಿಸಿ, ಬಲ ಗುಂಡಿಯನ್ನು ಒತ್ತಿದಾಗ ಬರುವ ಪಟ್ಟಿಯಲ್ಲಿ ಆಟೋ ಅಲೈನ್ ಕ್ಲಿಪ್ಸ್ ಎಂಬಲ್ಲಿ ವೇವ್‌ಫಾರ್ಮ್ (ಧ್ವನಿಯ ಏರಿಳಿತದ ರೇಖೆ) ಆಧಾರವನ್ನು ಆರಿಸಿಕೊಳ್ಳಿ. ಬಳಿಕ ರೆಕಾರ್ಡರಿನ ಟ್ರ್ಯಾಕಿಗೆ ಬೀಗ ಹಾಕಿ. ಸುಮಾರು ಹದಿನೈದು ನಿಮಿಷಕ್ಕೊಮ್ಮೆ, ಪದ್ಯ ಮುಗಿದು ಅರ್ಥ ಆರಂಭವಾಗುವ ಸಂಧಿಯಲ್ಲಿ, ಚಿತ್ರವನ್ನು ಕತ್ತರಿಸಿ. ಟ್ರಿಮ್ ಎಡಿಟ್ ಸ್ಥಿತಿಯಲ್ಲಿ ಮುಂದಿನ ತುಂಡನ್ನು ಸ್ಲಿಪ್ ಮಾಡಿದರೆ ಕ್ಲಿಪ್ಪಿನ ಅಂಚುಗಳು ಇದ್ದಲ್ಲೇ ಇದ್ದು ಒಳಗಿನ ಚಿತ್ರ ಮಾತ್ರ ಸರಿಯುವುದರಿಂದ ನಡುವೆ ಖಾಲಿ ಜಾಗ ಉಳಿಯುವುದಿಲ್ಲ. ಹೊಂದಿಕೆಯನ್ನು ಪರೀಕ್ಷಿಸಲು ಚೆಂಡೆಯ ಪೆಟ್ಟಿಗಿಂತ ಒಳ್ಳೆಯ ಗುರುತಿಲ್ಲ, ವೇವ್‌ಫಾರ್ಮಿನಲ್ಲಿ ಅದು ಚೂಪಾಗಿ ಎದ್ದು ಕಾಣುತ್ತದೆ. ಕತ್ತರಿಸಿದಲ್ಲಿ ಚಿತ್ರವನ್ನು ತುಸು ಹತ್ತಿರಕ್ಕೆ ಜೂಮ್ ಮಾಡಿದರೆ ಸಣ್ಣ ಜಿಗಿತವೂ ಮರೆಯಾಗುತ್ತದೆ.

ಪ್ರಶ್ನೆ: ಧನ್ಯವಾದಗಳು ಸರ್. ಫೋನಿನ ಧ್ವನಿ ಸರಿಯಾಗಿಯೇ ಇದೆ, ಹಾಗಾದರೆ ನನ್ನದು ಎರಡನೆಯ ಕಾರಣ. ಆದರೆ ಫೈಲು ಎಚ್.265 ಎಂಬ ಸಂಕುಚಿತ ವಿಡಿಯೊ ರೂಪದಲ್ಲಿರುವುದರಿಂದ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ತಡೆತಡೆದು ಓಡುತ್ತದೆ. ಹೀಗಿರುವಾಗ ಪೆಟ್ಟನ್ನು ಫ್ರೇಮಿನ ಲೆಕ್ಕದಲ್ಲಿ ನೋಡುವುದು ಹೇಗೆ?

ಉತ್ತರ: ಎಚ್.265ರಲ್ಲಿ ಬಹುತೇಕ ಫ್ರೇಮುಗಳು ಪೂರ್ಣ ಚಿತ್ರಗಳಾಗಿರದೆ, ಅಕ್ಕಪಕ್ಕದ ಫ್ರೇಮುಗಳಿಗಿರುವ ವ್ಯತ್ಯಾಸಗಳಾಗಿ ಉಳಿದಿರುತ್ತವೆ. ಒಂದನ್ನು ತೋರಿಸಲು ಯಂತ್ರ ಹಲವನ್ನು ಬಿಡಿಸಬೇಕಾಗುವುದರಿಂದಲೇ ಈ ತಡೆ. ಪರಿಹಾರವೆಂದರೆ ಪ್ರಾಕ್ಸಿ, ಅಂದರೆ ಸಂಕಲನದ ವೇಳೆ ಮೂಲದ ಬದಲಿಗೆ ಬಳಸುವ ಹಗುರವಾದ ಪ್ರತಿ. ಮೀಡಿಯಾ ಪೂಲಿನಲ್ಲಿ ಕ್ಲಿಪ್ಪಿನ ಮೇಲೆ ಬಲ ಗುಂಡಿ ಒತ್ತಿ ಪ್ರಾಕ್ಸಿ ಮೀಡಿಯಾ ತಯಾರಿಸಲು ಹೇಳಿ. ವಿಂಡೋಸ್ ಆದರೆ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ, ಮ್ಯಾಕ್ ಆದರೆ ಪ್ರೊರೆಸ್ ಪ್ರಾಕ್ಸಿ ಎಂಬ ವಿಡಿಯೊ ರೂಪ ಸಾಕು, ಅಳತೆ ಅರ್ಧಕ್ಕಿರಲಿ. 1080ರ ಪೂರ್ಣ ಅಳತೆಯಲ್ಲೇ ಮಾಡಿದರೆ ಎರಡು ಗಂಟೆಗೆ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಸುಮಾರು 40 ಜಿಬಿ ಬೇಡುತ್ತದೆ, ಅರ್ಧ ಅಳತೆಯಲ್ಲಿ ಅದು ಬಹಳಷ್ಟು ಇಳಿಯುತ್ತದೆ. ಮೂಲ ಫೈಲನ್ನು ಯಾವ ಕಾರಣಕ್ಕೂ ಅಳಿಸಬೇಡಿ. ಅಂತಿಮ ಪ್ರತಿಯನ್ನು ಹೊರತೆಗೆಯುವ ಮುನ್ನ ಡೆಲಿವರ್ ಪುಟದಲ್ಲಿ ಯೂಸ್ ಪ್ರಾಕ್ಸಿ ಮೀಡಿಯಾ ಎಂಬುದಕ್ಕೆ ಗುರುತು ಬಿದ್ದಿಲ್ಲವೆಂದು ನೋಡಿಕೊಳ್ಳಿ. ಬಿದ್ದಿದ್ದರೆ ಅರ್ಧ ಅಳತೆಯ ಮಸುಕು ಚಿತ್ರವೇ ಹೊರಬರುತ್ತದೆ.