ಬಾಲ್ ಪೈಥಾನ್ ಫ್ರೀಜರ್ ಇಲಿ ಮುಟ್ಟುತ್ತಿಲ್ಲ

ಪ್ರಶ್ನೆ (ಕಾಸರಗೋಡು):
ಪರಿವೇಶ್‌ನಲ್ಲಿ (ಕೇಂದ್ರ ಪರಿಸರ ಸಚಿವಾಲಯದ ಜಾಲತಾಣ) ನೋಂದಾಯಿಸಿದ ಹಾವು, 600 ಗ್ರಾಂ. ಜೀವಂತ ಇಲಿಯನ್ನಷ್ಟೇ ಹಿಡಿಯುತ್ತದೆ. ಫ್ರೀಜರ್‌ನಲ್ಲಿಟ್ಟ ಸತ್ತ ಇಲಿ ಕರಗಿಸಿ ಕೊಟ್ಟರೆ ನಾಲಗೆ ಚಾಚಿ ನೋಡಿ ತಲೆ ತಿರುಗಿಸುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ (ಹೊಸೂರು):
ಹೆಚ್ಚಾಗಿ ಬಿಸಿ ಸಾಲದ್ದೇ ಕಾರಣ. ಮೇಲ್ದುಟಿಯ ಗುಳಿಗಳಿಂದ ಅದು ಶಾಖ ಗುರುತಿಸುತ್ತದೆ. ತಣ್ಣಗಿನ ಇಲಿ ಅದಕ್ಕೆ ಬೇಟೆಯೇ ಅಲ್ಲ. ಹಿಂದಿನ ರಾತ್ರಿಯೇ ಇಲಿಯನ್ನು ಫ್ರೀಜರ್‌ನಿಂದ ಫ್ರಿಜ್ಜಿನ ಕೆಳತಟ್ಟಿಗೆ ಇಳಿಸಿ. ಸಂಜೆ ಜಿಪ್ ಕವರಿನಲ್ಲಿಟ್ಟು 45 ಡಿಗ್ರಿ ನೀರಿನಲ್ಲಿ 20 ನಿಮಿಷ ಮುಳುಗಿಸಿ. ಹೊಟ್ಟೆ ಒತ್ತಿ ನೋಡಿ: ಒಳಗೆ ಗಟ್ಟಿ ಗಂಟು ಸಿಕ್ಕರೆ ಇನ್ನೂ ಕರಗಿಲ್ಲ, ಹಾವು ನುಂಗಿದರೂ ಕಕ್ಕೀತು. ಮೈಕ್ರೋವೇವ್ ಬೇಡವೇ ಬೇಡ, ಇಲಿ ಒಡೆಯುತ್ತದೆ. ತಲೆ 38 ಡಿಗ್ರಿ ಮುಟ್ಟಿದಾಗ ಒರೆಸಿ, ದೀಪ ಆರಿಸಿ, ಉದ್ದ ಇಕ್ಕಳದಲ್ಲಿ ಸೊಂಟ ಹಿಡಿದು ಮೆಲ್ಲಗೆ ಅಲುಗಿಸಿ. ಮೂತಿಗೆ ತಿವಿದರೆ ಹೆದರಿ ಮುದುಡಿಕೊಳ್ಳುತ್ತದೆ.

ಉತ್ತರ (ಸೊಲ್ಲಾಪುರ):
ಅಷ್ಟಕ್ಕೂ ಒಲ್ಲೆ ಅಂದರೆ ಜೀವಂತ ಇಲಿಯ ಗೂಡಿನ ಹೊಟ್ಟಿನಲ್ಲಿ ಉರುಳಿಸಿ ಕೊಡಿ, ವಾಸನೆ ಹತ್ತುತ್ತದೆ. ದಿನಾ ಕಾಡಬೇಡಿ, ವಾರ ಬಿಟ್ಟು ಮತ್ತೆ ನೋಡಿ. ಕಣ್ಣು ಮಂಜಾಗಿದ್ದರೆ ಪೊರೆ ಬಿಡುವವರೆಗೆ ಕೊಡಲೇಬೇಡಿ. ತೂಕ 60 ಗ್ರಾಂ ಇಳಿದರೆ ಸರೀಸೃಪ ಬಲ್ಲ ಪಶುವೈದ್ಯರಿಗೆ ತೋರಿಸಿ.

ಪ್ರಶ್ನೆ (ಕಾಸರಗೋಡು):
ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುತ್ತದೆ. ಮೆತ್ತಗಾದ ಇಲಿ ಮತ್ತೆ ಫ್ರೀಜರಿಗಿಡಬಹುದೇ?

ಉತ್ತರ (ಹೊಸೂರು):
ಬೇಡ, ಹೂತುಬಿಡಿ. ಒಂದೊಂದನ್ನೇ ಬೇರೆ ಕವರಿನಲ್ಲಿ ಕಟ್ಟಿಡಿ, ನಡುವೆ ಐಸ್ ಬಾಟಲಿ ಇಡಿ.