ಇಳಿಜಾರಿನ ಹಳೇ ಮನೆ: ರಸ್ತೆಗಿಂತ ಕೆಳಗಿನ ಅಂತಸ್ತು ವ್ಯಾಲ್ಯುಯೇಷನ್‌ಗೆ ಹೇಗೆ ಬರುತ್ತೆ?

ಇಳಿಜಾರುಮನೆ:
ಮಡಿಕೇರಿಯಲ್ಲಿ 50 ವರ್ಷದ ಹೆಂಚಿನ ಮನೆ. ಮೇಲಂತಸ್ತು ರಸ್ತೆ ಮಟ್ಟಕ್ಕಿದೆ. ಕೆಳಗೆ ಎರಡು ಕೋಣೆ, ಕಣಿವೆ ಕಡೆ ಬಾಗಿಲು, ಹಿಂದಿನ ಗೋಡೆ ಪೂರ್ತಿ ಮಣ್ಣಿಗೆ ತಾಗಿದೆ. ಬ್ಯಾಂಕಿನ ವ್ಯಾಲ್ಯುಯರ್ (ಸಾಲಕ್ಕಾಗಿ ಮನೆಗೆ ಬೆಲೆ ಕಟ್ಟುವವರು) ಕೆಳಗಿನದನ್ನು ಬೇರೆ ಸಾಲಿನಲ್ಲಿ, ಕಮ್ಮಿ ದರಕ್ಕೆ ಹಾಕಿದ್ದಾರೆ. ಇದು ಸರಿಯೇ?

ಅಳತೆಪಟ್ಟಿ:
ಬೇರೆ ಸಾಲು ಸರಿಯೇ. ಕಟ್ಟಡದ ವಿಸ್ತೀರ್ಣ ಅಳೆಯುವ ಭಾರತೀಯ ಮಾನದಂಡ ಐಎಸ್ 3861ರಲ್ಲಿ ಪ್ಲಿಂತ್ ಏರಿಯಾ, ಅಂದರೆ ಗೋಡೆಯ ದಪ್ಪವೂ ಸೇರಿದ ಹೊರ ಅಳತೆ, ಅಂತಸ್ತುವಾರು ಅಳೆಯುವುದು. ನೆಲಮಾಳಿಗೆಗೆ ಅದರದೇ ಸಾಲು. ಕಮ್ಮಿ ದರಕ್ಕೆ ಮಾತ್ರ ಕಾರಣ ಕೇಳಿ.

ಮೊದಲು ಅಳತೆ ಒಳಗಿನದೋ ಹೊರಗಿನದೋ ನೋಡಿ. ಹಳೇ ಕಲ್ಲುಗೋಡೆ ಒಂದೂವರೆ ಅಡಿ ದಪ್ಪ ಇದ್ದರೆ, ಒಳಗೆ 12×15 ಇರುವ ಒಂಟಿ ಕೋಣೆ 180 ಚದರಡಿ. ಹೊರ ಅಳತೆ 15×18, ಅಂದರೆ 270. ಕಾರ್ಪೆಟ್ ಅಳತೆಗೆ (ಗೋಡೆ ಬಿಟ್ಟ ಒಳ ಅಳತೆ) ಪ್ಲಿಂತ್ ದರ ಹಾಕಿಬಿಟ್ಟರೆ ಮನೆಯವರಿಗೇ ನಷ್ಟ. ಮಣ್ಣು ತಡೆಯುವ ಗೋಡೆ ಮನೆಯದೇ ಗೋಡೆಯಾಗಿದ್ದರೆ ಪ್ಲಿಂತ್‌ಗೆ ಸೇರುತ್ತೆ. ಮಧ್ಯೆ ಸಂದು ಬಿಟ್ಟು ಕಟ್ಟಿದ್ದರೆ ಅದಕ್ಕೆ ಬೇರೆಯೇ ಲೆಕ್ಕ.

ಎತ್ತರ ನೆಲದಿಂದ ಚಾವಣಿಯ ಹಲಗೆಗೂ ತೊಲೆಯ ಅಡಿಗೂ ಬೇರೆ ಬೇರೆ ಹಿಡಿಯಿರಿ. ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ವಾಸದ ಕೋಣೆಗೆ ಚಾವಣಿವರೆಗೆ 2.75 ಮೀಟರ್ ಬೇಕು, ತೊಲೆಯಡಿ ಕನಿಷ್ಠ 2.4. ಅದೂ ಇಲ್ಲದಿದ್ದರೆ ಮಂಚ ಹಾಕಿದರೂ ಅದು ಉಗ್ರಾಣವೇ.

ಖಾತಾಗುಮಾಸ್ತ:
ಚದರಡಿಗಿಂತ ಮೊದಲು ಕಾಗದ ನೋಡಿ ಸಾರ್. ಇ-ಖಾತಾದಲ್ಲೂ ಮಂಜೂರಾದ ನಕ್ಷೆಯಲ್ಲೂ ಕೆಳಂತಸ್ತು ಇದೆಯೇ? ಇಲ್ಲದಿದ್ದರೆ ವ್ಯಾಲ್ಯುಯರ್ ಅಳೆದು ಬರೆದರೂ ಬ್ಯಾಂಕ್ ಸಾಲದ ಲೆಕ್ಕದಿಂದ ಬಿಡಬಹುದು. ಕಂದಾಯದ ರಸೀದಿ ಅನುಮತಿಗೆ ಸಮ ಅಲ್ಲ. ಜಾಗ ಜಮ್ಮಾ ಬಾಣೆಯಾಗಿದ್ದರಂತೂ (ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿ) ಬೇರೆ ಥ್ರೆಡ್ಡೇ ಬೇಕು.

ಇಳಿಜಾರುಮನೆ:
ನಕ್ಷೆಯಲ್ಲಿದೆ. ಒಂದು ಬದಿ ಮಣ್ಣಲ್ಲಿದ್ದರೆ ಇಡೀ ಅಂತಸ್ತು ಲೆಕ್ಕಕ್ಕಿಲ್ಲ ಅಂತ ನೆಟ್‌ನಲ್ಲಿ ಓದಿದೆ?

ಅಳತೆಪಟ್ಟಿ:
ಅದು ಮನೆ ಅಳೆಯುವ ಅಮೆರಿಕದ ಮಾನದಂಡ, ಆನ್ಸಿ ಝಡ್765. ಅಲ್ಲೂ ಪೂರ್ತಿ ಬಿಡುವುದಿಲ್ಲ, ಮುಖ್ಯ ಅಳತೆಗೆ ಸೇರಿಸದೆ ಬೇರೆ ತೋರಿಸುತ್ತಾರೆ. ಇಲ್ಲಿನ ಬ್ಯಾಂಕಿಗೆ ಅದು ಅನ್ವಯಿಸದು.

ಸವಕಳಿಯನ್ನೂ (ವಯಸ್ಸಿಗೆ ತಕ್ಕಂತೆ ಕಳೆಯುವ ಬೆಲೆ) ನೋಡಿ. ಒಟ್ಟು ಆಯುಷ್ಯ 75 ವರ್ಷ, ಆಯುಷ್ಯ ಮುಗಿದಾಗ ಉಳಿಯುವ ಮೌಲ್ಯ ಶೇ. 10 ಅಂತ ಹಿಡಿದರೆ 90×50÷75, ಶೇ. 60 ಸವಕಳಿ. ಕೆಳಗಿನದು ಆಮೇಲೆ ಕಟ್ಟಿದ್ದಾದರೆ ಅದರ ವಯಸ್ಸು ಬೇರೆ ಹಾಕಿಸಿ. ಆದರೆ ತಳಪಾಯದಡಿ ಅಗೆದು ಮಾಡಿದ ಕೋಣೆಯಾದರೆ ಬೆಲೆಯ ಮಾತು ಆಮೇಲೆ, ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ತೇವವಾಣಿ:
ದರ ಇಳಿಯಲು ಇನ್ನೊಂದು ಕಾರಣ ತೇವ. ಹಿಂಗೋಡೆಯ ಬುಡದಲ್ಲಿ ಬಿಳಿ ಉಪ್ಪು, ಉಬ್ಬಿದ ಗಾರೆ ಕಂಡರೆ ದರ ಕಡಿಯುತ್ತಾರೆ, ಹೊಸ ಬಣ್ಣ ಕಂಡರೆ ಇನ್ನೂ ಅನುಮಾನ. ಒಳಗಿನಿಂದ ವಾಟರ್‌ಪ್ರೂಫ್ ಬಳಿದರೆ ನೀರಿನ ಒತ್ತಡಕ್ಕೆ ಅದೇ ಕಿತ್ತು ಬರಬಹುದು. ಗೋಡೆ ಹಿಂದಿನ ನೀರಿಗೆ ಚರಂಡಿ ಮಾಡಿ, ಸೂರಿನ ನೀರನ್ನು ದೂರ ಬಿಟ್ಟು, ಒಂದು ಮಳೆಗಾಲ ಕಳೆದ ಮೇಲೆ ಮರುಪರಿಶೀಲನೆ ಕೇಳಿ.